ಕಾರಿನ ಎಂಜಿನ್ ಆಗಾಗ ಮಾತ್ರ ಹೀಟ್ ಆಗುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಯಾವಾಗಲೂ ಹೀಟ್ ಆಗುವ ಗಾಡಿಯ ರೋಗ ಹಿಡಿಯುವುದು ಸುಲಭ. ತಲೆ ತಿನ್ನುವುದು ಆಗೊಮ್ಮೆ ಈಗೊಮ್ಮೆ ಹೀಟ್ ಆಗುವ ಗಾಡಿ. ಗ್ಯಾರೇಜಿಗೆ ಒಯ್ದ ದಿನ ಟೆಂಪರೇಚರ್ ಮೀಟರಿನ ಮುಳ್ಳು ಮಧ್ಯ ಬಿಟ್ಟು ಅಲುಗುವುದಿಲ್ಲ, ಮೆಕ್ಯಾನಿಕ್ ನಿಮ್ಮನ್ನೇ ಅನುಮಾನದಿಂದ ನೋಡುತ್ತಾರೆ, ಆಮೇಲೆ ಅಂದಾಜಿನ ಮೇಲೆ ಥರ್ಮೋಸ್ಟಾಟ್ (ಬಿಸಿಯಾದಾಗ ನೀರಿನ ದಾರಿ ತೆರೆಯುವ ವಾಲ್ವ್) ಬದಲು, ನೀರಿನ ಪಂಪ್ ಬದಲು, ರೇಡಿಯೇಟರ್ (ನೀರನ್ನು ಗಾಳಿಯಿಂದ ತಂಪು ಮಾಡುವ ಜಾಲರಿ) ಬದಲು. ಪಾರ್ಟ್ ಬದಲಿಸುವ ಮೊದಲು ಗಾಡಿ ಯಾವಾಗ ಹೀಟ್ ಆಗುತ್ತದೆ ಎಂದು ಗಮನಿಸಿದರೆ ಅರ್ಧ ಕೆಲಸ ಮುಗಿಯಿತು. ಕೆಳಗಿನ ಉತ್ತರಗಳೆಲ್ಲ ಅದರ ಸುತ್ತಲೇ ಇವೆ. ಪೆಟ್ರೋಲ್, ಡೀಸೆಲ್ ಎರಡಕ್ಕೂ ಅನ್ವಯಿಸುತ್ತವೆ.

ಮುಳ್ಳು ಸದಾ ಮಧ್ಯದಲ್ಲೇ ಇರುತ್ತದೆ, ಒಂದೊಂದು ಸಲ ದಿಢೀರ್ ಅಂತ ಮೇಲೆ ಹೋಗುತ್ತದೆ. ಎಂಜಿನ್ ಅಷ್ಟು ಬೇಗ ಬಿಸಿಯಾಗುತ್ತದೆಯಾ?

ಹೆಚ್ಚಿನ ಸಲ ಇಲ್ಲ. ಈಗಿನ ಎಷ್ಟೋ ಕಾರುಗಳ ಟೆಂಪರೇಚರ್ ಮುಳ್ಳು ಪೂರ್ತಿ ನಿಜ ಹೇಳುವುದಿಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ನೀರಿನ ಮಿಶ್ರಣ, ಸುಮಾರು 80 ಡಿಗ್ರಿಯಿಂದ 105 ಡಿಗ್ರಿಯೊಳಗೆ ಎಲ್ಲಿದ್ದರೂ ಮುಳ್ಳು ಮಧ್ಯದಲ್ಲೇ ಕೂತಿರುತ್ತದೆ, ಯಾಕೆಂದರೆ ಅದು ಸ್ವಲ್ಪ ಅಲುಗಾಡಿದರೂ ಜನ ಗಾಬರಿಯಾಗುತ್ತಾರೆ. ಹಾಗಾಗಿ ಮುಳ್ಳು ಮೇಲೇಳುವಷ್ಟರಲ್ಲಿ ಬಿಸಿ ಏರಲು ಶುರುವಾಗಿ ಎಷ್ಟೋ ಹೊತ್ತಾಗಿರುತ್ತದೆ. ಕೆಲವು ಕಾರುಗಳಲ್ಲಂತೂ ಮುಳ್ಳೇ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಕೈಮೀರಿದ ಮೇಲೆ ಕೆಂಪು ದೀಪ, ಅಷ್ಟೇ.

ಅದಕ್ಕೇ ಒಂದು ಸಣ್ಣ ಓಬಿಡಿ ರೀಡರ್ (ಗಾಡಿಯ ಕಂಪ್ಯೂಟರ್‌ನಿಂದ ಮಾಹಿತಿ ಓದುವ ಸಾಧನ) ತೆಗೆದುಕೊಳ್ಳಿ. ಸಾಮಾನ್ಯವಾಗಿ ಸ್ಟೇರಿಂಗ್ ಕೆಳಗೆ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಿದರೆ ಬ್ಲೂಟೂತ್ ಮೂಲಕ ಮೊಬೈಲ್‌ನಲ್ಲಿ ಕೂಲಂಟ್‌ನ ಬಿಸಿ ಅಂಕಿಯಲ್ಲಿ ಕಾಣುತ್ತದೆ. ಗ್ರಾಫ್ ಉಳಿಸಿಡುವ ಆ್ಯಪ್ ಆದರೆ ಇನ್ನೂ ಒಳ್ಳೆಯದು. ಆಗಾಗ ಬಂದು ಹೋಗುವ ತೊಂದರೆಗೆ ಇದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ.

ಎಷ್ಟು ಡಿಗ್ರಿ ಆದರೆ ಭಯಪಡಬೇಕು?

ಬಹುತೇಕ ಕಾರುಗಳು 85ರಿಂದ 105 ಡಿಗ್ರಿ ಸೆಲ್ಸಿಯಸ್ ಒಳಗೆ ಓಡಾಡುತ್ತವೆ. ಟ್ರಾಫಿಕ್‌ನಲ್ಲಿ 100 ದಾಟಿ, ಫ್ಯಾನ್ ಬಂದು, ಮತ್ತೆ 93, 94ಕ್ಕೆ ಇಳಿದರೆ ಅದು ಆರೋಗ್ಯ, ರೋಗ ಅಲ್ಲ. 110 ದಾಟಿ ಏರುತ್ತಲೇ ಇದ್ದರೆ ಎಚ್ಚರ. 120ರ ಹತ್ತಿರ ಬಂದರೆ ಗಾಡಿ ನಿಲ್ಲಿಸಿ, ಇನ್ನೊಂದು ಕಿಲೋಮೀಟರ್ ಅಂತ ಎಳೆಯಬೇಡಿ. ಈಗಿನ ಬಹುತೇಕ ಎಂಜಿನ್‌ಗಳ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಅಲ್ಯೂಮಿನಿಯಂನದು, ಸಿಕ್ಕಾಪಟ್ಟೆ ಬಿಸಿಯಾದರೆ ಬಾಗುತ್ತದೆ. ಆಮೇಲೆ ಖರ್ಚಿನ ಲೆಕ್ಕವೇ ಬೇರೆ.

ರಸ್ತೆಯಲ್ಲಿದ್ದೇನೆ, ಈಗಲೇ ಮುಳ್ಳು ಏರುತ್ತಿದೆ. ಏನು ಮಾಡಲಿ?

ಎಸಿ ಆಫ್ ಮಾಡಿ. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಜೋರಿಗೆ, ಕಿಟಕಿ ಕೆಳಗೆ. ಒಳಗೆ ಕೂರಲಾಗದಷ್ಟು ಸೆಕೆಯಾಗುತ್ತದೆ, ಆದರೆ ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಬಿಸಿಯನ್ನು ಅದು ಹೊರಗೆ ಎಳೆಯುತ್ತದೆ. ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಹಾಕಿ.

ಎಂಜಿನ್ ಆಫ್ ಮಾಡಬೇಕಾ, ಬೇಡವಾ ಅನ್ನುವುದು ನೀವು ನೋಡಿದ್ದರ ಮೇಲೆ. ಹಬೆ ಬರುತ್ತಿದ್ದರೆ, ಕೆಳಗೆ ನೀರು ಸುರಿಯುತ್ತಿದ್ದರೆ, ಕೆಂಪು ದೀಪ ಹತ್ತಿದ್ದರೆ ತಕ್ಷಣ ಆಫ್. ಇವು ಯಾವುದೂ ಇಲ್ಲ, ಮುಳ್ಳು ಸ್ವಲ್ಪ ಮೇಲೆ ಹೋಗಿದೆ, ಹೀಟರ್‌ನಿಂದ ಬಿಸಿ ಗಾಳಿ ಬರುತ್ತಿದೆ ಎಂದರೆ ನ್ಯೂಟ್ರಲ್‌ನಲ್ಲಿ ಒಂದೆರಡು ನಿಮಿಷ 1500 ಆರ್‌ಪಿಎಂ ಸುಮಾರಿಗೆ ಇಟ್ಟು ನೋಡಬಹುದು, ಪಂಪ್ ಜೋರಾಗಿ ತಿರುಗಿ ಬಿಸಿ ಇಳಿಯುವ ಸಾಧ್ಯತೆ ಇದೆ. ಇಳಿಯದಿದ್ದರೆ ಆಫ್ ಮಾಡಿ.

ರೇಡಿಯೇಟರ್ ಕ್ಯಾಪ್ ತೆಗೆದು ನೀರು ಹಾಕಲಾ?

ಬಿಸಿ ಇದ್ದಾಗ ಬೇಡವೇ ಬೇಡ. ಒಳಗೆ 100 ಡಿಗ್ರಿಗಿಂತ ಜಾಸ್ತಿ ಬಿಸಿಯ ನೀರು ಒತ್ತಡದಲ್ಲಿ ಕೂತಿರುತ್ತದೆ. ಕ್ಯಾಪ್ ಸಡಿಲವಾದ ಕೂಡಲೇ ಒತ್ತಡ ಹೋಗಿ ಅದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ, ಆಗುವುದಾದರೆ ಒಂದು ಗಂಟೆ ಬಿಡಿ. ರೇಡಿಯೇಟರ್‌ನ ಮೇಲಿನ ಹೋಸ್ (ರಬ್ಬರ್ ಪೈಪ್) ಕೈಗೆ ತಣ್ಣಗೆ, ಮೆತ್ತಗೆ ಸಿಕ್ಕಿದ ಮೇಲೆ ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತಿರುಗಿಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ, ಹೆಡ್ ಅಥವಾ ಬ್ಲಾಕ್ ಸೀಳಬಹುದು.

ಸರಿ, ತಣ್ಣಗಾಯಿತು, ಮನೆಗೆ ಬಂದೆ. ಎಲ್ಲಿಂದ ಶುರು ಮಾಡಲಿ?

ಬಾನೆಟ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ, ಅಥವಾ ಮೊಬೈಲ್‌ನಲ್ಲಿ ಬರೆಯಿರಿ. ಆಗ ಗಾಡಿ ನಿಂತಿತ್ತಾ, ಓಡುತ್ತಿತ್ತಾ? ಎಷ್ಟು ವೇಗ? ಏರು ರಸ್ತೆಯಾ? ಎಸಿ ಆನ್ ಇತ್ತಾ? ಸ್ಟಾರ್ಟ್ ಮಾಡಿ ಎಷ್ಟು ಹೊತ್ತಾಗಿತ್ತು? ಹೀಟರ್ ಹಾಕಿದಾಗ ಬಿಸಿ ಗಾಳಿ ಬಂತಾ, ತಣ್ಣನೆಯದು ಬಂತಾ? ಮುಳ್ಳು ತಾನಾಗಿ ಇಳಿಯಿತಾ, ಇಳಿದದ್ದು ನಿಧಾನವಾಗಿಯಾ, ಒಮ್ಮೆಲೇನಾ? ಮರುದಿನ ಬೆಳಗ್ಗೆ ಕೂಲಂಟ್ ಮಟ್ಟ ಎಷ್ಟಿತ್ತು? ಇತ್ತೀಚೆಗೆ ಏನಾದರೂ ರಿಪೇರಿ ಆಗಿತ್ತಾ?

ಸುಮ್ನೆ ಬರೆಯಲು ಹೇಳುತ್ತಿಲ್ಲ. ನಿಂತಾಗ ಮಾತ್ರ ಏರಿದರೆ ಗಾಳಿಯ ಕೊರತೆ, ಅಂದರೆ ಫ್ಯಾನ್ ಕಡೆ ನೋಡಬೇಕು. ವೇಗದಲ್ಲಿ ಮಾತ್ರ ಏರಿದರೆ ನೀರಿನ ಹರಿವು ಅಥವಾ ರೇಡಿಯೇಟರ್. ಸ್ಟಾರ್ಟ್ ಆದ ಸ್ವಲ್ಪ ಹೊತ್ತಿಗೆ ಏರಿ ಧಡಕ್ಕನೆ ಇಳಿದರೆ ಥರ್ಮೋಸ್ಟಾಟ್ ಅಥವಾ ಒಳಗೆ ಸೇರಿದ ಗಾಳಿ. ಎಲ್ಲಿ, ಯಾವಾಗ ಅಂತ ಲೆಕ್ಕವೇ ಇಲ್ಲದೆ ಏರಿದರೆ ಕೂಲಂಟ್ ಕಡಿಮೆ ಇರಬಹುದು, ವೈರಿಂಗ್ ಸಡಿಲ ಇರಬಹುದು, ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ತೆಳು ಹಾಳೆ) ಸಣ್ಣಗೆ ಸೋರಲು ಶುರು ಮಾಡಿರಲೂಬಹುದು. ಇದು ಕಲ್ಲಿನ ಮೇಲೆ ಬರೆದ ನಿಯಮ ಅಲ್ಲ, ಆದರೆ ಯಾವ ಪಾರ್ಟ್ ಮೇಲೆ ಮೊದಲು ಕೈ ಹಾಕಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಏರುತ್ತದೆ, ಓಡಲು ಶುರುವಾದರೆ ಇಳಿಯುತ್ತದೆ.

ಫ್ಯಾನ್. ನೂರಕ್ಕೆ ನೂರು ಅಂತ ಹೇಳಲಾರೆ, ಆದರೆ ಬೇರೆ ಕಡೆ ನೋಡುವ ಮೊದಲು ಫ್ಯಾನ್ ನೋಡಿ.

ಗಾಡಿ ಓಡುವಾಗ ಎದುರಿನ ಗಾಳಿಯೇ ರೇಡಿಯೇಟರ್ ತಂಪು ಮಾಡುತ್ತದೆ, ನಿಂತಾಗ ಆ ಕೆಲಸ ಪೂರ್ತಿ ಫ್ಯಾನಿನದು. ಮೊದಲ ಪರೀಕ್ಷೆ ಸುಲಭ: ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಬಹಳಷ್ಟು ಕಾರುಗಳಲ್ಲಿ ಎಸಿ ಹಾಕಿದ ಕೂಡಲೇ ಅಥವಾ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ಎಸಿಗೆ ತಿರುಗುತ್ತದೆ, ಆದರೆ ಎಸಿ ಆಫ್ ಇದ್ದಾಗ ಕೂಲಂಟ್ 105 ದಾಟಿದರೂ ತಿರುಗುವುದಿಲ್ಲ ಎಂದರೆ ಮೋಟರ್ ಚೆನ್ನಾಗಿದೆ, ಟೆಂಪರೇಚರ್ ಸೆನ್ಸರ್ ಅಥವಾ ಅದರ ವೈರಿಂಗ್ ನೋಡಬೇಕು. ಎರಡಕ್ಕೂ ತಿರುಗದಿದ್ದರೆ ಫ್ಯೂಸ್, ರಿಲೇ (ಕರೆಂಟ್ ಹಾಯಿಸುವ ಪುಟ್ಟ ಸ್ವಿಚ್), ಕನೆಕ್ಟರ್, ಮೋಟರ್, ಇದೇ ಸಾಲಿನಲ್ಲಿ ನೋಡುತ್ತಾ ಹೋಗಿ. ರಿಲೇ ಅನುಮಾನ ಇದ್ದರೆ ಅದೇ ಪೆಟ್ಟಿಗೆಯಲ್ಲಿರುವ ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಬಹುದು, ಖರ್ಚಿಲ್ಲ.

ಆಗಾಗ ಮಾತ್ರ ತೊಂದರೆ ಕೊಡುವ ಫ್ಯಾನ್‌ಗೆ ಕೆಲವು ಗುಟ್ಟುಗಳಿವೆ. ಮೋಟರಿನ ಕಾರ್ಬನ್ ಬ್ರಷ್ ಸವೆದಿದ್ದರೆ ಮೋಟರ್ ಕಳೆದ ಸಲ ತಿರುಗಿ ಯಾವ ಜಾಗದಲ್ಲಿ ನಿಂತಿತ್ತು ಅನ್ನುವುದರ ಮೇಲೆ ಹೋಗುತ್ತದೆ, ಒಂದು ಸಲ ತಿರುಗುತ್ತದೆ, ಇನ್ನೊಂದು ಸಲ ಇಲ್ಲ. ತಿರುಗದೆ ನಿಂತಾಗ ಉದ್ದದ ಕೋಲಿನಿಂದ ಮೋಟರಿನ ಹಿಂಭಾಗಕ್ಕೆ ಮೆಲ್ಲಗೆ ತಟ್ಟಿದರೆ ಹೊರಟುಬಿಟ್ಟಿತು ಅಂದರೆ ಉತ್ತರ ಸಿಕ್ಕಿತು. ರಿಲೇ ತಣ್ಣಗಿದ್ದಾಗ ಕೆಲಸ ಮಾಡಿ ಬಿಸಿಯಾದ ಮೇಲೆ ಕೈಕೊಡುವುದುಂಟು. ಎರಡು ವೇಗದ ಫ್ಯಾನ್ ಆದರೆ ಕಡಿಮೆ ವೇಗಕ್ಕೆ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟರೆ ಕಡಿಮೆ ವೇಗ ಇಲ್ಲವೇ ಇಲ್ಲ, ಬಿಸಿ ಬಹಳ ಏರಿದ ಮೇಲೆ ಜೋರು ವೇಗ ಮಾತ್ರ ಬರುತ್ತದೆ. ನೋಡಿದವರಿಗೆ ಫ್ಯಾನ್ ಚೆನ್ನಾಗಿಯೇ ತಿರುಗುತ್ತಿದೆ ಅನ್ನಿಸುತ್ತದೆ, ಅಲ್ವಾ? ಹಾಗೆಯೇ ಕನೆಕ್ಟರ್ ಬಿಚ್ಚಿ ಪಿನ್‌ಗಳು ಕಂದು ಬಣ್ಣಕ್ಕೆ ತಿರುಗಿವೆಯಾ, ಪ್ಲಾಸ್ಟಿಕ್ ಕರಗಿದೆಯಾ ನೋಡಿ. ಫ್ಯಾನ್ ಬಹಳ ಕರೆಂಟ್ ಎಳೆಯುತ್ತದೆ, ಸಡಿಲ ಪಿನ್ ಇದ್ದರೆ ಮೊದಲು ಸುಡುವುದು ಅಲ್ಲೇ.

ಒಂದು ಎಚ್ಚರಿಕೆ. ಎಂಜಿನ್ ಆಫ್ ಇದ್ದರೂ ಫ್ಯಾನ್ ತಾನಾಗಿ ತಿರುಗಬಹುದು. ಕೈ, ಟೈ, ದುಪಟ್ಟಾ ಯಾವುದೂ ಹತ್ತಿರ ಬೇಡ.

ಫ್ಯಾನ್ ಚೆನ್ನಾಗಿದೆ. ಹೈವೇಯಲ್ಲಿ ವೇಗವಾಗಿ ಹೋಗುವಾಗ ಮಾತ್ರ ಏರುತ್ತದೆ.

ವೇಗದಲ್ಲಿ ಗಾಳಿಗೆ ಕೊರತೆಯಿಲ್ಲ, ಆದ್ದರಿಂದ ಫ್ಯಾನ್ ಬಿಟ್ಟುಬಿಡಿ. ಎಂಜಿನ್ ಜಾಸ್ತಿ ಬಿಸಿ ಹುಟ್ಟಿಸುತ್ತಿದೆ, ಅದನ್ನು ಹೊತ್ತು ಹೊರಹಾಕಲು ನೀರು ಸಾಲುತ್ತಿಲ್ಲ.

ಮೊದಲ ಅನುಮಾನ ರೇಡಿಯೇಟರ್. ಹೊರಗಿನಿಂದ ನೋಡಿದರೆ ಸ್ವಚ್ಛವಾಗಿ ಕಾಣುವುದು ಎಸಿಯ ಕಂಡೆನ್ಸರ್, ರೇಡಿಯೇಟರ್ ಅದರ ಹಿಂದೆ ಇರುತ್ತದೆ. ಇವೆರಡರ ಮಧ್ಯೆ ಧೂಳು, ಹುಳ, ಒಣ ಎಲೆ, ಹತ್ತಿಯಂಥ ಕಸ ಸೇರಿ ಗೋಡೆಯೇ ಆಗಿರುತ್ತದೆ. ಟಾರ್ಚ್ ಹಾಕಿ ಮೇಲಿನಿಂದ ಇಣುಕಿ ನೋಡಿ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಗೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಪ್ರೆಷರ್ ವಾಷರ್ ಹಿಡಿದರೆ ಫಿನ್‌ಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ. ಒಳಗಿನ ಕೊಳವೆಗಳು ಕಟ್ಟಿವೆಯಾ ಅಂತ ತಿಳಿಯಲು ಗಾಡಿ ಬಿಸಿಯಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ರೇಡಿಯೇಟರ್ ಉದ್ದಗಲಕ್ಕೆ ಅಳೆಯಿರಿ. ಬಿಸಿ ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ನಿಧಾನವಾಗಿ ಇಳಿಯಬೇಕು, ಮಧ್ಯದಲ್ಲಿ ಎಲ್ಲೋ ತಣ್ಣನೆಯ ತೇಪೆ ಸಿಕ್ಕರೆ ಅಲ್ಲಿ ನೀರು ಹರಿಯುತ್ತಿಲ್ಲ. ಹೊಳೆಯುವ ಲೋಹದ ಮೇಲೆ ಈ ಥರ್ಮಾಮೀಟರ್ ತಪ್ಪು ತೋರಿಸುತ್ತದೆ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ.

ಎರಡನೆಯದು ರೇಡಿಯೇಟರ್‌ನ ಕೆಳಗಿನ ಹೋಸ್. ಪಂಪ್ ನೀರನ್ನು ಎಳೆಯುವುದು ಈ ಕಡೆಯಿಂದ. ರಬ್ಬರ್ ಹಳೆಯದಾಗಿ ಮೆತ್ತಗಾಗಿದ್ದರೆ ವೇಗದಲ್ಲಿ ಪಂಪ್ ಎಳೆಯುವ ರಭಸಕ್ಕೆ ಚಪ್ಪಟೆಯಾಗುತ್ತದೆ, ನೀವು ಗಾಡಿ ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ಮತ್ತೆ ದುಂಡಗಾಗಿ ಏನೂ ಆಗಿಲ್ಲವೆಂಬಂತೆ ಕೂತಿರುತ್ತದೆ. ಆಗಾಗ ಬರುವ ತೊಂದರೆಗಳಲ್ಲಿ ಇದರಷ್ಟು ಕಳ್ಳ ಇನ್ನೊಂದಿಲ್ಲ. ಒಬ್ಬರು ಎಂಜಿನ್ ಬಿಸಿಯಾದ ಮೇಲೆ 3000 ಆರ್‌ಪಿಎಂ ಹಿಡಿದಿರಲಿ, ಇನ್ನೊಬ್ಬರು ಹೋಸ್ ನೋಡಲಿ.

ಪೂರ್ತಿ ತೆರೆಯದ ಥರ್ಮೋಸ್ಟಾಟ್, ಸವೆದ ವಾಟರ್ ಪಂಪ್ ಕೂಡ ಇದೇ ಲಕ್ಷಣ ತೋರಿಸುತ್ತವೆ.

ವಾಟರ್ ಪಂಪ್ ಸೋರುತ್ತಿಲ್ಲ. ಆದರೂ ಅದು ಕೆಟ್ಟಿರಬಹುದಾ?

ಇರಬಹುದು. ಪಂಪ್ ಒಳಗೆ ನೀರು ತಳ್ಳುವ ರೆಕ್ಕೆ ಇರುತ್ತದೆ, ಅದಕ್ಕೆ ಇಂಪೆಲರ್ ಅನ್ನುತ್ತಾರೆ. ಕೆಲವು ಪಂಪ್‌ಗಳಲ್ಲಿ ಅದು ಪ್ಲಾಸ್ಟಿಕ್. ಶಾಫ್ಟ್ ಮೇಲೆ ಸಡಿಲವಾದರೆ ಪುಲ್ಲಿ ತಿರುಗುತ್ತದೆ, ರೆಕ್ಕೆ ಒಮ್ಮೆ ತಿರುಗುತ್ತದೆ, ಒಮ್ಮೆ ಜಾರುತ್ತದೆ. ಬರೀ ನೀರು ಹಾಕಿ ಓಡಿಸಿದ ಗಾಡಿಯಲ್ಲಿ ಕಬ್ಬಿಣದ ರೆಕ್ಕೆ ತುಕ್ಕು ತಿಂದು ಸವೆದುಹೋಗಿರುವುದೂ ಉಂಟು. ಬೆಲ್ಟ್ ಸಡಿಲ ಇದ್ದರೂ ಪಂಪ್ ಜಾರುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಪಂಪ್ ವಿದ್ಯುತ್ತಿನಿಂದ ಓಡುತ್ತದೆ, ಅಲ್ಲಿ ಫ್ಯಾನ್ ಥರವೇ ವೈರಿಂಗ್ ಕೂಡ ನೋಡಬೇಕು.

ಎಸಿ ಹಾಕಿ ಏರು ಹತ್ತುವಾಗ ಮಾತ್ರ ಮೇಲೆ ಹೋಗುತ್ತದೆ. ಇದು ಮಾಮೂಲಿಯಾ?

ನಾಲ್ಕೈದು ಡಿಗ್ರಿ ಏರುವುದು ಮಾಮೂಲಿ. ಕೆಂಪಿನ ಕಡೆ ಹೋಗುವುದು ಮಾಮೂಲಿ ಅಲ್ಲ. ಕೂಲಿಂಗ್ ವ್ಯವಸ್ಥೆಯನ್ನು ಏರು, ಎಸಿ, ಬಿಸಿಲು, ತುಂಬಿದ ಗಾಡಿ ಎಲ್ಲ ಸೇರಿಸಿಯೇ ಲೆಕ್ಕ ಹಾಕಿ ಮಾಡಿರುತ್ತಾರೆ. ಎಸಿ ಆಫ್ ಮಾಡಿದರೆ ಸರಿಹೋಗುತ್ತದೆ ಅಂತ ವರ್ಷಗಟ್ಟಲೆ ಓಡಿಸುವವರಿದ್ದಾರೆ. ಅವರ ರೇಡಿಯೇಟರ್ ಅರ್ಧ ಕಟ್ಟಿರುತ್ತದೆ, ಅಷ್ಟೇ.

ಬೆಳಗ್ಗೆ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಹೋದಾಗ ಏರುತ್ತದೆ, ಆಮೇಲೆ ಒಮ್ಮೆಲೇ ಇಳಿದು ಇಡೀ ದಿನ ಸರಿಯಾಗಿರುತ್ತದೆ.

ಥರ್ಮೋಸ್ಟಾಟ್ ಅಂಟಿಕೊಂಡು ಆಮೇಲೆ ಬಿಡುತ್ತಿದೆ. ಓಬಿಡಿ ಗ್ರಾಫ್‌ನಲ್ಲಿ ಇದರ ಗುರುತು ಚೆನ್ನಾಗಿ ಕಾಣುತ್ತದೆ: 110ರವರೆಗೆ ಒಂದೇ ಸಮನೆ ಏರಿಕೆ, ಆಮೇಲೆ ಕೆಲವೇ ಸೆಕೆಂಡುಗಳಲ್ಲಿ 20 ಡಿಗ್ರಿ ಇಳಿಕೆ. ಥರ್ಮೋಸ್ಟಾಟ್ ಒಳಗೆ ಮೇಣ ತುಂಬಿದ ಒಂದು ಗುಳಿಗೆ ಇದೆ, ಮೇಣ ಕರಗಿ ಹಿಗ್ಗಿದಾಗ ವಾಲ್ವ್ ತೆರೆಯುತ್ತದೆ. ಇದಕ್ಕೆ ಬಿಸಿ ನೀರು ತಾಗಬೇಕು. ಅಲ್ಲಿ ಗಾಳಿಯ ಗುಳ್ಳೆ ನಿಂತಿದ್ದರೆ ಒಳ್ಳೆಯ ಥರ್ಮೋಸ್ಟಾಟ್ ಕೂಡ ತಡವಾಗಿಯೇ ತೆರೆಯುತ್ತದೆ, ಗ್ರಾಫ್ ಥೇಟ್ ಹೀಗೆಯೇ ಇರುತ್ತದೆ. ಅದಕ್ಕೇ ಮೊದಲು ಗಾಳಿ ತೆಗೆಯಿರಿ, ಆಮೇಲೆ ಪಾರ್ಟ್ ತನ್ನಿ.

ಥರ್ಮೋಸ್ಟಾಟ್ ಚೆನ್ನಾಗಿದೆಯಾ ಅಂತ ಮನೆಯಲ್ಲೇ ನೋಡಬಹುದಾ?

ಬಿಚ್ಚಿ ತೆಗೆದರೆ ನೋಡಬಹುದು. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ಇಳಿಬಿಟ್ಟು ಕಾಯಿಸಿ, ಥರ್ಮಾಮೀಟರ್ ಹಿಡಿಯಿರಿ. ಅದರ ಮೇಲೆಯೇ ತೆರೆಯುವ ಬಿಸಿ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 82, 88, ಹೀಗೆ. ಅದರ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ಇನ್ನೊಂದು 10, 15 ಡಿಗ್ರಿಯೊಳಗೆ ಪೂರ್ತಿ ತೆರೆಯಬೇಕು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಬಿಚ್ಚಲು ಅಷ್ಟು ಕೆಲಸ ಮಾಡಿದ ಮೇಲೆ ಹೊಸದೇ ಹಾಕುವುದು ಲೇಸು ಅಂತ ನನ್ನ ಅಭಿಪ್ರಾಯ.

ಥರ್ಮೋಸ್ಟಾಟ್ ತೆಗೆದೇ ಓಡಿಸಿದರೆ ಹೀಟ್ ಆಗುವುದಿಲ್ಲ ಅನ್ನುತ್ತಾರಲ್ಲ?

ಹಳೇ ಸಲಹೆ, ಕೆಟ್ಟ ಸಲಹೆ. ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಇಂಧನ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ, ಪಿ0128 ಅನ್ನುವ ಕೋಡ್ ಬಂದು ಎಂಜಿನ್ ದೀಪ ಹತ್ತಬಹುದು. ತಮಾಷೆ ಎಂದರೆ ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆಗೆದರೆ ಹೀಟ್ ಇನ್ನೂ ಜಾಸ್ತಿಯಾಗುತ್ತದೆ. ಅಲ್ಲಿ ಅದೇ ವಾಲ್ವ್ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ, ತೆಗೆದುಬಿಟ್ಟರೆ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತಿರುತ್ತದೆ.

ಹೀಟ್ ಆದಾಗ ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ. ಇದರ ಅರ್ಥ ಏನು?

ಇದು ಒಳ್ಳೆಯ ಸುಳಿವು, ಕೆಟ್ಟ ಸುದ್ದಿ. ಎಂಜಿನ್ ಕುದಿಯುತ್ತಿದೆ, ಆದರೆ ಬಿಸಿ ನೀರು ಹೀಟರ್‌ಗೆ ತಲುಪುತ್ತಿಲ್ಲ. ಒಂದೋ ಕೂಲಂಟ್ ಬಹಳ ಕಡಿಮೆ, ಇಲ್ಲವೋ ಒಳಗೆ ಗಾಳಿ ಕಟ್ಟಿದೆ, ಇಲ್ಲವೋ ಪಂಪ್ ತಳ್ಳುತ್ತಿಲ್ಲ.

ಕೂಲಂಟ್ ಬದಲಿಸಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಏರ್ ಲಾಕ್ ಅಂತಲೇ ಹಿಡಿಯಿರಿ. ತಣ್ಣಗಿದ್ದಾಗ ಗಾಡಿಯ ಮೂತಿ ಸ್ವಲ್ಪ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಬರೀ ನೀರು ಬರುವವರೆಗೆ ನಿಧಾನವಾಗಿ ತುಂಬಿ. ಆಮೇಲೆ ಫ್ಯಾನ್ ಎರಡು ಮೂರು ಸಲ ಬಂದು ಹೋಗುವವರೆಗೆ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಿ. ಕೆಲವು ಕಾರುಗಳಿಗೆ ವ್ಯಾಕ್ಯೂಮ್ ಹಾಕಿ ತುಂಬುವ ಉಪಕರಣವೇ ಬೇಕು. ಗಾಳಿ ತೆಗೆದರೂ ಮತ್ತೆ ಮತ್ತೆ ಸೇರುತ್ತಿದ್ದರೆ ಅದು ಎಲ್ಲಿಂದ ಬರುತ್ತಿದೆ ಅಂತ ಕೇಳಬೇಕು, ಕೆಳಗೆ ಹೆಡ್ ಗ್ಯಾಸ್ಕೆಟ್ ಪ್ರಶ್ನೆ ನೋಡಿ.

ಕೂಲಂಟ್ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ.

ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಹನಿ ಹುಡುಕಬೇಡಿ, ಒಣಗಿದ ಕಲೆ ಹುಡುಕಿ: ಹೋಸ್‌ಗಳ ತುದಿ, ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚು, ವಾಟರ್ ಪಂಪ್ ಕೆಳಗಿನ ಸಣ್ಣ ತೂತು. ಅಲ್ಲಿ ಬಿಳಿ, ಗುಲಾಬಿ ಅಥವಾ ಹಸಿರು ಪುಡಿ ಅಂಟಿರುತ್ತದೆ. ಒಳಗೆ ಕಾರ್ಪೆಟ್ ಒದ್ದೆ, ಗಾಜಿನ ಮೇಲೆ ಜಿಡ್ಡಿನ ಮಂಜು, ಸಿಹಿ ವಾಸನೆ ಬಂದರೆ ಹೀಟರ್ ಕೋರ್, ಅಂದರೆ ಹೀಟರ್ ಒಳಗಿನ ಪುಟ್ಟ ರೇಡಿಯೇಟರ್, ಸೋರುತ್ತಿದೆ.

ಇಷ್ಟಕ್ಕೂ ಸಿಗದಿದ್ದರೆ ಪ್ರೆಷರ್ ಟೆಸ್ಟರ್. ಕ್ಯಾಪ್ ಜಾಗಕ್ಕೆ ಅದನ್ನು ಹಾಕಿ, ಕ್ಯಾಪ್ ಮೇಲೆ ಬರೆದಿರುವಷ್ಟು ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ಟರೆ ಟೆಸ್ಟರಿನ ಮುಳ್ಳು ಇಳಿಯುತ್ತದಾ ಇಲ್ಲವಾ ಗೊತ್ತಾಗುತ್ತದೆ. ತಣ್ಣಗಿದ್ದಾಗ ಒಮ್ಮೆ, ಬಿಸಿ ಇದ್ದಾಗ ಒಮ್ಮೆ ಮಾಡಿಸಿ. ಕೆಲವು ಸೋರಿಕೆ ತಣ್ಣಗೆ ರಬ್ಬರ್ ಕುಗ್ಗಿದಾಗ ಮಾತ್ರ, ಕೆಲವು ಲೋಹ ಹಿಗ್ಗಿದಾಗ ಮಾತ್ರ. ಡೀಸೆಲ್ ಗಾಡಿಗಳಲ್ಲಿ ಇಜಿಆರ್ ಕೂಲರ್ (ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಂಪು ಮಾಡುವ ಭಾಗ) ಒಳಗೇ ಸೋರಿ ಕೂಲಂಟ್ ಹೊಗೆಯ ಜೊತೆ ಹೋಗುವುದುಂಟು, ಅದನ್ನು ಮರೆಯುವವರೇ ಜಾಸ್ತಿ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟ್ ತುಂಬಿದೆ. ಹಾಗಾದರೆ ಕೂಲಂಟ್ ಸಾಕಷ್ಟಿದೆ ಅಂತ ತಾನೇ?

ಡಬ್ಬಿ ಯಾವ ಥರದ್ದು ಅನ್ನುವುದರ ಮೇಲೆ ಹೋಗುತ್ತದೆ. ಒತ್ತಡದ ಕ್ಯಾಪ್ ಡಬ್ಬಿಯ ಮೇಲೆಯೇ ಇದ್ದರೆ ಸಾಮಾನ್ಯವಾಗಿ ಹೌದು. ಕ್ಯಾಪ್ ರೇಡಿಯೇಟರ್ ಮೇಲಿದ್ದು ಡಬ್ಬಿಗೆ ಸುಮ್ನೆ ಒಂದು ಮುಚ್ಚಳ, ಸಣ್ಣ ಪೈಪ್ ಇದ್ದರೆ ಡಬ್ಬಿ ತುಂಬಿದ್ದೂ ರೇಡಿಯೇಟರ್ ಅರ್ಧ ಖಾಲಿ ಇರಬಹುದು. ತಣ್ಣಗಿದ್ದಾಗ ಕ್ಯಾಪ್ ತೆಗೆದೇ ನೋಡಬೇಕು.

ಒಂದು ಕ್ಯಾಪ್‌ನಿಂದ ಇಷ್ಟೆಲ್ಲ ಆಗುತ್ತದಾ?

ಆಗುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಕ್ಯಾಪ್ ಕುಕ್ಕರ್ ವೆಯ್ಟ್ ಥರ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಕುದಿಯುವ ಬಿಸಿ 125 ಡಿಗ್ರಿಯನ್ನೂ ದಾಟುತ್ತದೆ. ಸ್ಪ್ರಿಂಗ್ ಸೋತ ಕ್ಯಾಪ್ ಬೇಗ ಬಿಟ್ಟುಕೊಟ್ಟರೆ ಎಂಜಿನ್ ಒಳಗೆ ಅಲ್ಲಲ್ಲಿ ಕುದಿತ ಶುರು, ಕೂಲಂಟ್ ಡಬ್ಬಿಗೆ ಉಕ್ಕುತ್ತದೆ, ಹೊರಗೂ ಚೆಲ್ಲುತ್ತದೆ. ಕ್ಯಾಪಿನಲ್ಲಿ ಇನ್ನೊಂದು ಪುಟ್ಟ ವಾಲ್ವ್ ಇದೆ, ತಣ್ಣಗಾಗುವಾಗ ಅದು ಡಬ್ಬಿಯಿಂದ ಕೂಲಂಟ್ ವಾಪಸ್ ಎಳೆದುಕೊಳ್ಳುತ್ತದೆ. ಅದು ಕೆಟ್ಟರೆ ಬೆಳಗ್ಗೆ ಮೇಲಿನ ಹೋಸ್ ಹೀರಿಕೊಂಡು ಚಪ್ಪಟೆಯಾಗಿರುತ್ತದೆ. ಎಲ್ಲಕ್ಕಿಂತ ಅಗ್ಗದ ಪಾರ್ಟ್ ಇದು, ಎಲ್ಲರೂ ಕೊನೆಗೆ ನೋಡುವುದೂ ಇದನ್ನೇ. ಬದಲಿಸುವಾಗ ಅದೇ ಒತ್ತಡದ್ದು ಹಾಕಿ, ಜಾಸ್ತಿ ಒತ್ತಡದ್ದು ಹಾಕಿದರೆ ಹಳೇ ಹೋಸ್ ಒಡೆಯುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದರು. ನಂಬುವುದು ಹೇಗೆ?

ಪರೀಕ್ಷೆ ಮಾಡಿ ಹೇಳಿದರೆ ನಂಬಿ, ಬರೀ ನೋಡಿ ಹೇಳಿದರೆ ಪರೀಕ್ಷೆ ಕೇಳಿ. ದೊಡ್ಡ ಕೆಲಸ ಇದು.

ಗ್ಯಾಸ್ಕೆಟ್ ಸಣ್ಣಗೆ ಸೋರಲು ಶುರುವಾದಾಗ ಸಿಲಿಂಡರ್‌ನ ಉರಿದ ಅನಿಲ ಕೂಲಂಟ್ ಒಳಗೆ ನುಗ್ಗುತ್ತದೆ. ಹಗುರವಾಗಿ ಓಡಿಸಿದರೆ ಏನೂ ಇಲ್ಲ, ಏರು ಹತ್ತಿದಾಗ ಮಾತ್ರ ಹೀಟ್. ಇದರ ಗುರುತುಗಳು: ತಣ್ಣಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು. ಡಬ್ಬಿಯಲ್ಲಿ ನಿಲ್ಲದ ಗುಳ್ಳೆ. ಬೆಳಗಿನ ಸ್ಟಾರ್ಟ್‌ನಲ್ಲಿ ಒಂದು ಸಿಲಿಂಡರ್ ತಡವರಿಸಿ ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ.

ಖಚಿತಪಡಿಸಲು ಬ್ಲಾಕ್ ಟೆಸ್ಟರ್ ಅಂತ ಒಂದು ಸಾಧನ ಇದೆ. ರೇಡಿಯೇಟರ್ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ, ಉರಿದ ಅನಿಲ ಇದ್ದರೆ ನೀಲಿ ಹಳದಿಯಾಗುತ್ತದೆ, ಡೀಸೆಲ್‌ನಲ್ಲಿ ಹಸಿರಿನ ಕಡೆಗೆ ಹೋಗುತ್ತದೆ. ಆಗಾಗ ಸೋರುವ ಗ್ಯಾಸ್ಕೆಟ್ ಒಂದು ಸಲದ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು, ಆದ್ದರಿಂದ ಗಾಡಿ ಚೆನ್ನಾಗಿ ದುಡಿದು ಬಂದ ಮೇಲೆ ಮಾಡಿಸಿ. ಲೀಕ್ ಡೌನ್ ಟೆಸ್ಟ್ (ಸಿಲಿಂಡರ್‌ಗೆ ಒತ್ತಡದ ಗಾಳಿ ಕೊಟ್ಟು ಸೋರಿಕೆ ನೋಡುವ ಪರೀಕ್ಷೆ) ಮಾಡಿದರೆ ಯಾವ ಸಿಲಿಂಡರ್ ಅಂತಲೂ ತಿಳಿಯುತ್ತದೆ. ಹೆಡ್ ಬಿಚ್ಚಿದ ಮೇಲೆ ಬಾಗಿದೆಯಾ, ಬಿರುಕಿದೆಯಾ ನೋಡದೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರೆ ಮತ್ತೆ ಅದೇ ಕಥೆ.

ಆಯಿಲ್ ಕ್ಯಾಪ್ ಕೆಳಗೆ ಬಿಳಿ ಕೆನೆ ಇದೆ. ಗ್ಯಾಸ್ಕೆಟ್ ಹೋಯಿತಾ?

ಅಷ್ಟಕ್ಕೇ ತೀರ್ಮಾನ ಬೇಡ. ಸ್ವಲ್ಪ ಸ್ವಲ್ಪ ದೂರ ಮಾತ್ರ ಓಡಿಸುವ ಗಾಡಿಯಲ್ಲಿ ತೇವ ಸೇರಿ ಹೀಗಾಗುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ, ಅಲ್ಲೂ ಆಯಿಲ್ ಕೆನೆಯಂತಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ.

ಸೆನ್ಸರ್ ಅಥವಾ ಮೀಟರ್ ಸುಳ್ಳು ಹೇಳುತ್ತಿರಬಹುದಲ್ಲ?

ಖಂಡಿತ. ಹೆಡ್‌ಲೈಟ್ ಹಾಕಿದಾಗ, ಬ್ರೇಕ್ ಒತ್ತಿದಾಗ ಮುಳ್ಳು ಜಿಗಿದರೆ ಅರ್ಥಿಂಗ್ ಸರಿಯಿಲ್ಲ, ನೀರು ಎಷ್ಟೇ ಬಿಸಿಯಾದರೂ ಒಂದು ಸೆಕೆಂಡಿನಲ್ಲಿ 30 ಡಿಗ್ರಿ ಏರುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಹಾಕಿ ಓಬಿಡಿ ನೋಡಿ, ಕೂಲಂಟ್‌ನ ಬಿಸಿ ಹೊರಗಿನ ಗಾಳಿಯ ಬಿಸಿಗೆ ಹತ್ತಿರ ಇರಬೇಕು. ಬಹಳ ಬೇರೆ ಇದ್ದರೆ ಸೆನ್ಸರ್ ಅಥವಾ ವೈರ್.

ಇದರ ಉಲ್ಟಾ ಇನ್ನೂ ಅಪಾಯ. ಕೂಲಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ನೀರಿನಲ್ಲಿರದೆ ಗಾಳಿಯಲ್ಲಿ ನಿಂತಿರುತ್ತದೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಬೀಳಬಹುದು. ಏರಿದ ಮುಳ್ಳು ಕಾರಣವಿಲ್ಲದೆ ಧಡಾರನೆ ಬಿದ್ದರೆ, ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಸಮಾಧಾನ ಪಡಬೇಡಿ, ಗಾಡಿ ನಿಲ್ಲಿಸಿ.

ಎಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುತ್ತದೆ.

ಕೆಲವು ನಿಮಿಷ ತಿರುಗಿ ನಿಂತರೆ ಮಾಮೂಲಿ.

ಕೂಲಂಟ್ ಬದಲು ಬರೀ ನೀರು ಹಾಕಬಹುದಾ? ಬಣ್ಣ ಒಂದೇ ಇದ್ದರೆ ಬೆರೆಸಬಹುದಾ?

ರಸ್ತೆಯಲ್ಲಿ ಸಿಕ್ಕಿಬಿದ್ದಾಗ ಗ್ಯಾರೇಜ್ ತಲುಪಲು ನೀರು ಹಾಕಿ, ತಪ್ಪಿಲ್ಲ. ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಗಡಸು ನೀರಾದರೆ ಒಳಗೆ ಗಟ್ಟಿ ಪದರ ಕಟ್ಟುತ್ತದೆ. ಹಾಗಂತ ಬರೀ ಕೂಲಂಟ್ ಸಾಂದ್ರವನ್ನೇ ತುಂಬುವುದೂ ತಪ್ಪು, ಬಿಸಿ ಹೊರುವುದರಲ್ಲಿ ನೀರೇ ಮೇಲು. ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಸರಿಯಾದ ಪ್ರಮಾಣ. ಬಣ್ಣ ನಂಬಬೇಡಿ, ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಹೊಂದದ ಎರಡು ಥರದ್ದು ಬೆರೆತರೆ ಲೋಳೆಯಾಗಿ ರೇಡಿಯೇಟರ್ ಕಟ್ಟಬಹುದು. ಗಾಡಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಚೆಲ್ಲಿದ ಕೂಲಂಟ್ ತಕ್ಷಣ ಒರೆಸಿ, ಅದು ಸಿಹಿ, ವಿಷ, ನಾಯಿ ಬೆಕ್ಕು ನೆಕ್ಕುತ್ತವೆ.

ಸೋರಿಕೆ ನಿಲ್ಲಿಸುವ ಪುಡಿ, ದ್ರವ?

ಬೇಡ. ಅದಕ್ಕೆ ತೂತು ಯಾವುದು, ಹೀಟರ್‌ನ ಸಪೂರ ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ.

ಫ್ಯಾನ್, ಥರ್ಮೋಸ್ಟಾಟ್, ಪಂಪ್, ರೇಡಿಯೇಟರ್ ಎಲ್ಲ ಹೊಸದು. ಆದರೂ ಹೀಟ್. ಇನ್ನೇನು?

ಹಾಗಾದರೆ ರಿಪೇರಿಯನ್ನೇ ಅನುಮಾನಿಸಿ. ಹೊಸ ಫ್ಯಾನ್ ಮೋಟರಿನ ವೈರ್ ಅದಲುಬದಲಾಗಿದ್ದರೆ ಅದು ಉಲ್ಟಾ ತಿರುಗಿ, ಎದುರಿನಿಂದ ಬರುವ ಗಾಳಿಗೆ ಅಡ್ಡ ನಿಲ್ಲುತ್ತದೆ. ರೇಡಿಯೇಟರ್ ಮುಂದೆ ಒಂದು ಕಾಗದ ಹಿಡಿಯಿರಿ, ಅಂಟಿಕೊಳ್ಳಬೇಕು, ಹಾರಬಾರದು. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ, ಎಂಜಿನ್ ಕೆಳಗಿನ ಹಾಳೆ ಬಿಚ್ಚಿದವರು ವಾಪಸ್ ಹಾಕಿದ್ದಾರಾ ನೋಡಿ. ಅವು ಅಲಂಕಾರಕ್ಕಲ್ಲ, ಗಾಳಿ ರೇಡಿಯೇಟರ್ ಮೂಲಕವೇ ಹೋಗುವಂತೆ ಮಾಡುತ್ತವೆ. ಹೊಸ ರೇಡಿಯೇಟರ್ ಹಳೆಯದಕ್ಕಿಂತ ತೆಳ್ಳಗಿದೆಯಾ?

ಆಮೇಲೆ ಕೂಲಿಂಗ್ ಬಿಟ್ಟು ಹೊರಗೆ ಬನ್ನಿ. ಹಿಡಿದುಕೊಂಡ ಬ್ರೇಕ್ ಎಂಜಿನ್ನಿಗೆ ಸದಾ ಹೊರೆ, ಸ್ವಲ್ಪ ದೂರ ಓಡಿಸಿ ಚಕ್ರಗಳ ಬಳಿ ಕೈ ಒಯ್ದರೆ ಯಾವುದು ಕಾದಿದೆ ಗೊತ್ತಾಗುತ್ತದೆ, ಮುಟ್ಟಬೇಡಿ. ಕಟ್ಟಿದ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಭಾಗ), ಜಾರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂಡ ಬಿಸಿ ಹೆಚ್ಚಿಸುತ್ತವೆ.

ಗ್ಯಾರೇಜಿನಲ್ಲಿ ಏನು ಹೇಳಲಿ? ಅಲ್ಲಿ ಹೋದಾಗ ಗಾಡಿ ಹೀಟ್ ಆಗುವುದೇ ಇಲ್ಲ.

"ಹೀಟ್ ಆಗುತ್ತಿದೆ, ನೋಡಿ" ಅಂತ ಕೀಲಿ ಕೊಟ್ಟು ಬರಬೇಡಿ. ಬರೆದಿಟ್ಟ ಹಾಳೆ, ಗ್ರಾಫ್‌ನ ಸ್ಕ್ರೀನ್‌ಶಾಟ್ ಕೊಡಿ. "ಎಸಿ ಹಾಕಿ ಇಪ್ಪತ್ತು ನಿಮಿಷ ನಿಂತರೆ 112ಕ್ಕೆ ಹೋಗುತ್ತದೆ, ಆಗ ಫ್ಯಾನ್ ಕಡಿಮೆ ವೇಗದಲ್ಲಿ ಬರುವುದಿಲ್ಲ" ಅಂದರೆ ಅವರಿಗೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗುತ್ತದೆ. ಹೀಟ್ ಆಗುವ ಸನ್ನಿವೇಶವನ್ನೇ ಅಲ್ಲಿ ತರಿಸಿ, ಏರಿನಲ್ಲಿ ಆಗುವುದಾದರೆ ಮೆಕ್ಯಾನಿಕ್ ಜೊತೆಗೆ ಕೂತು ಏರಿಗೇ ಹೋಗಿ. ಬದಲಿಸಿದ ಹಳೇ ಪಾರ್ಟ್ ವಾಪಸ್ ಕೇಳಿ ಪಡೆಯಿರಿ. ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಿ ಓಡಿಸಿ ನೋಡಲು ಹೇಳಿ, ನಾಲ್ಕು ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದಿತ್ತು ಅಂತ ಅವರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.